ಗಡಿ ಇಲ್ಲದ ಮೀನಿಗೆ ಪಾಲು ಹಾಕುವುದು ಹೇಗೆ?

(ಮುಂಬೈ ಕನ್ನಡಿಗರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ಇಲ್ಲಿ ಕೂತವರಲ್ಲಿ ಬಹಳ ಮಂದಿ ಮಲ್ಪೆ, ಗಂಗೊಳ್ಳಿ, ಉಚ್ಚಿಲ, ಕಾಪು ಕಡೆಯವರು. ಅಜ್ಜನ ಕಾಲದಲ್ಲೇ ಮುಂಬೈಗೆ ಬಂದು ನೆಲೆ ನಿಂತ ಮನೆತನಗಳು. ಮೀನು ಹಿಡಿಯುವುದು, ಮಾರುವುದು, ಸಾರು ಮಾಡುವುದು ಇದ್ಯಾವುದನ್ನೂ ನಾನು ನಿಮಗೆ ಹೇಳಿಕೊಡಬೇಕಾಗಿಲ್ಲ. ಇವತ್ತು ಕೇಳಬೇಕಾದ ಪ್ರಶ್ನೆ ಬೇರೆ. ಒಂದು ಮೀನು ಹತ್ತು ದೇಶಗಳ ನೀರಿನಲ್ಲಿ ಓಡಾಡುತ್ತದೆ ಅಂದುಕೊಳ್ಳಿ. ಅದರಲ್ಲಿ ಯಾರ ಪಾಲು ಎಷ್ಟು? ಅದನ್ನು ಯಾರು ಹೇಳಬೇಕು? ಹೇಳಿದರೆ ಯಾರು ಕೇಳುತ್ತಾರೆ?

ಟೂನಾ ಅಂದರೆ ಒಂದೇ ಮೀನಲ್ಲ. ನಾವು ಕೇದರ ಅನ್ನುವುದು, ಇಲ್ಲಿಯ ಕೋಳಿ ಅನ್ನುವ ಮೀನುಗಾರ ಸಮುದಾಯದವರು ಕುಪ್ಪಾ ಅನ್ನುವುದು ಹೆಚ್ಚಾಗಿ ದಡದ ಹತ್ತಿರ ಸಿಗುವ ಸಣ್ಣ ಟೂನಾಗಳು. ಆಳ ಸಮುದ್ರದ್ದು ಬೇರೆ ಸಂಸಾರ. ಸ್ಕಿಪ್‌ಜಾಕ್, ಯೆಲ್ಲೋಫಿನ್, ಬಿಗ್‌ಐ, ಆಲ್ಬಕೋರ್, ಆಮೇಲೆ ಮೂರು ಬಗೆಯ ಬ್ಲೂಫಿನ್. ಜಗತ್ತಿನ ದೊಡ್ಡ ವ್ಯಾಪಾರವೆಲ್ಲ ಈ ಏಳರ ಮೇಲೆ ನಿಂತಿದೆ. ಇವು ಈಜುವುದನ್ನು ನಿಲ್ಲಿಸುವುದೇ ಇಲ್ಲ. ಬಾಯಿ ತೆರೆದು ಮುಂದೆ ಹೋಗುತ್ತಿದ್ದರೆ ಮಾತ್ರ ಕಿವಿರಿಗೆ ನೀರು ನುಗ್ಗುತ್ತದೆ, ಉಸಿರು ಸಿಗುತ್ತದೆ. ನಿಂತರೆ ಸಾಯುತ್ತವೆ. ಹಾಗಾಗಿ ದೂರ ಹೋಗುತ್ತವೆ, ಬಹಳ ದೂರ. 2005ರಿಂದ 2009ರವರೆಗೆ ಹಿಂದೂ ಮಹಾಸಾಗರದಲ್ಲಿ 2 ಲಕ್ಷಕ್ಕೂ ಹೆಚ್ಚು ಟೂನಾಗಳಿಗೆ ಟ್ಯಾಗ್ ಚುಚ್ಚಿ ಬಿಟ್ಟರು. ಹೆಚ್ಚಿನವನ್ನು ಬಿಟ್ಟದ್ದು ತಾಂಜಾನಿಯಾ ಬದಿಯಲ್ಲಿ. ಎಷ್ಟೋ ಮೀನುಗಳು ಸಾವಿರಾರು ಕಿಲೋಮೀಟರ್ ಆಚೆ ಬೇರೆ ದೇಶದ ಹಡಗಿನ ಬಲೆಯಲ್ಲಿ ಸಿಕ್ಕವು. ದಕ್ಷಿಣದ ಬ್ಲೂಫಿನ್ ಇನ್ನೂ ವಿಚಿತ್ರ. ಅದು ಮೊಟ್ಟೆ ಇಡುವುದು ಜಾವಾ ದ್ವೀಪದ ದಕ್ಷಿಣದಲ್ಲಿ ಮಾತ್ರ. ಬೆಳೆಯುವುದು ಆಸ್ಟ್ರೇಲಿಯಾದ ಕೆಳಗಿನ ತಣ್ಣನೆ ನೀರಿನಲ್ಲಿ. ಕೊನೆಗೆ ತಿನ್ನುವವರು ಹೆಚ್ಚಾಗಿ ಜಪಾನಿನವರು.

ಇಂಥ ಮೀನನ್ನು ಒಂದು ದೇಶ ಒಂದೇ ಉಳಿಸಿಕೊಳ್ಳಲು ಆಗುವುದಿಲ್ಲ. ನೀವು ಬಿಟ್ಟ ಮೀನನ್ನು ಪಕ್ಕದವನು ಹಿಡಿಯುತ್ತಾನೆ. ಅವನು ಹಿಡಿಯುತ್ತಾನೆ ಅನ್ನುವ ಭಯಕ್ಕೇ ನೀವೂ ಬಿಡುವುದಿಲ್ಲ.

ಇದು ನಮಗೆ ಹೊಸದೇನಲ್ಲ. ಕರ್ನಾಟಕ, ಗೋವಾ, ಮಹಾರಾಷ್ಟ್ರ ಮೂರೂ ಒಂದೇ ಕಡಲಿಗೆ ಮುಖ ಮಾಡಿವೆ. ಮಳೆಗಾಲದ ರಜೆ ಮೊದಲು ಒಂದೊಂದು ರಾಜ್ಯಕ್ಕೆ ಒಂದೊಂದು ಥರ ಇತ್ತು. ಇಲ್ಲಿ ಬೋಟು ಕಟ್ಟಿ ಕೂತಿದ್ದರೆ ಅಲ್ಲಿ ಆಗಲೇ ಇಳಿದಿರುತ್ತಿದ್ದರು. ಜಗಳ ಆಗದೆ ಇರುತ್ತಾ? ಈಗ ಪಶ್ಚಿಮ ಕರಾವಳಿಗೆಲ್ಲ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಅಂತ ಆಗಿದೆ. ಒಂದೇ ದೇಶದ ಅಕ್ಕಪಕ್ಕದ ರಾಜ್ಯಗಳಿಗೇ ಒಂದು ತಾರೀಖು ಒಪ್ಪಿಕೊಳ್ಳಲು ಅಷ್ಟು ಕಾಲ ಹಿಡಿಯಿತು. ಇನ್ನು ಇರಾನ್, ಸ್ಪೇನ್, ಇಂಡೋನೇಷ್ಯಾ, ಸೊಮಾಲಿಯಾ, ಜಪಾನ್ ಒಂದೇ ಮೇಜಿನ ಸುತ್ತ ಕೂತರೆ ಎಷ್ಟು ಕಷ್ಟ ಇರಬೇಡ?

ಆದರೂ ಕೂರುತ್ತಾರೆ. ಅದರ ಕಾನೂನಿನ ಕಥೆ ಬೇಗ ಹೇಳಿಬಿಡುತ್ತೇನೆ. 1982ರ ಸಮುದ್ರ ಕಾನೂನಿನ ಒಪ್ಪಂದದಲ್ಲಿ ಪ್ರತಿ ಕರಾವಳಿ ದೇಶಕ್ಕೂ 200 ನಾಟಿಕಲ್ ಮೈಲು, ಅಂದರೆ ಸುಮಾರು 370 ಕಿಲೋಮೀಟರ್ ತನಕ ಮೀನಿನ ಹಕ್ಕು ಸಿಕ್ಕಿತು. ಅದೇ ಒಪ್ಪಂದದ 64ನೇ ವಿಧಿ, ದೂರ ವಲಸೆ ಹೋಗುವ ಮೀನುಗಳ ವಿಷಯದಲ್ಲಿ ದೇಶಗಳು ಸೇರಿಯೇ ಕೆಲಸ ಮಾಡಬೇಕು ಅನ್ನುತ್ತದೆ. 1995ರಲ್ಲಿ ಇದಕ್ಕೆಂದೇ ವಿಶ್ವಸಂಸ್ಥೆಯಲ್ಲಿ ಇನ್ನೊಂದು ಒಪ್ಪಂದ ಆಯಿತು. ಭಾರತ ಎರಡರಲ್ಲೂ ಇದೆ. ಕೆಲಸ ನಡೆಸಲು ಐದು ಆಯೋಗಗಳಿವೆ. ಎಲ್ಲಕ್ಕಿಂತ ಹಳೆಯದು ಪೂರ್ವ ಪೆಸಿಫಿಕ್‌ನದು, 1949ರ ಒಪ್ಪಂದದಿಂದ ಹುಟ್ಟಿದ್ದು. ಅಟ್ಲಾಂಟಿಕ್ ಆಯೋಗದ ಕಚೇರಿ ಮ್ಯಾಡ್ರಿಡ್‌ನಲ್ಲಿ. ದಕ್ಷಿಣದ ಬ್ಲೂಫಿನ್‌ಗೆ ಅಂತಲೇ ಕ್ಯಾನ್‌ಬೆರಾದಲ್ಲಿ ಒಂದು. ಪಶ್ಚಿಮ ಮತ್ತು ಮಧ್ಯ ಪೆಸಿಫಿಕ್‌ಗೆ ಪೋನ್‌ಪೇ ಅನ್ನುವ ಸಣ್ಣ ದ್ವೀಪದಲ್ಲಿ ಒಂದು. ನಮ್ಮದು ಹಿಂದೂ ಮಹಾಸಾಗರ ಟೂನಾ ಆಯೋಗ, 1996ರಲ್ಲಿ ಹುಟ್ಟಿದ್ದು, ಕಚೇರಿ ಸೀಶೆಲ್ಸ್‌ನ ವಿಕ್ಟೋರಿಯಾದಲ್ಲಿ.

ಆಯೋಗ ಅಂದ ತಕ್ಷಣ ಇವೆಲ್ಲ ಸುಮ್ನೆ ಕಾಗದ ಅನ್ನುವವರಿದ್ದಾರೆ. ಒಂದು ಕಾಲದಲ್ಲಿ ಅದು ನಿಜವೂ ಆಗಿತ್ತು. ಅಟ್ಲಾಂಟಿಕ್ ಬ್ಲೂಫಿನ್ ಕಥೆ ಕೇಳಿ.

ಈ ಮೀನು ಮೊಟ್ಟೆ ಇಡಲು ಮೆಡಿಟರೇನಿಯನ್‌ಗೆ ಬರುತ್ತದೆ. ಜಪಾನಿನಲ್ಲಿ ಸುಶಿಗೆ ಬೇಡಿಕೆ ಏರಿತು. ಮೀನನ್ನು ಜೀವಂತ ಹಿಡಿದು, ಸಮುದ್ರದಲ್ಲೇ ಬಲೆಯ ಪಂಜರದೊಳಗೆ ಬಿಟ್ಟು, ಕೊಬ್ಬಿಸಿ ಮಾರುವ ದಂಧೆ ಶುರುವಾಯಿತು. ಪಂಜರದೊಳಗೆ ಎಷ್ಟು ಮೀನು ಹೋಯಿತು ಅಂತ ಯಾರು ಎಣಿಸುತ್ತಾರೆ? 2007ರಲ್ಲಿ ಆಯೋಗ ಕೊಟ್ಟ ಮಿತಿ 29,500 ಟನ್. ವಿಜ್ಞಾನಿಗಳು ಕೇಳಿದ್ದು ಅದರ ಸುಮಾರು ಅರ್ಧ. ನಿಜವಾಗಿ ಹಿಡಿದದ್ದು 50 ಸಾವಿರ ಟನ್ನಿಗೂ ಜಾಸ್ತಿ ಅಂತ ಅವರೇ ಅಂದಾಜು ಮಾಡಿದರು. 2008ರಲ್ಲಿ ಆಯೋಗ ತಾನೇ ಕರೆಸಿದ ಹೊರಗಿನ ಪರಿಶೀಲಕರು ಬಂದು, ಬ್ಲೂಫಿನ್ ವಿಷಯದಲ್ಲಿ ನಿಮ್ಮ ಆಡಳಿತವನ್ನು ಜಗತ್ತು ಒಂದು ಅಂತರರಾಷ್ಟ್ರೀಯ ಅವಮಾನ ಅಂತ ನೋಡುತ್ತಿದೆ ಎಂದು ವರದಿ ಬರೆದುಕೊಟ್ಟರು.

2010ರಲ್ಲಿ ದೋಹಾದಲ್ಲಿ, ಅಳಿವಿನಂಚಿನ ಜೀವಿಗಳ ವ್ಯಾಪಾರದ ಒಪ್ಪಂದದ ಸಭೆಯಲ್ಲಿ, ಈ ಮೀನಿನ ಅಂತರರಾಷ್ಟ್ರೀಯ ಮಾರಾಟವನ್ನೇ ನಿಲ್ಲಿಸೋಣ ಅಂತ ಮೊನಾಕೊ ದೇಶ ಪ್ರಸ್ತಾಪ ತಂದಿತು. ಅದು ಬಿದ್ದುಹೋಯಿತು. ಆದರೆ ವ್ಯಾಪಾರವೇ ನಿಂತೀತು ಅನ್ನುವ ಬಿಸಿ ಎಲ್ಲರಿಗೂ ತಟ್ಟಿತ್ತು. ಮಿತಿ 2010ಕ್ಕೆ 13,500 ಟನ್ನಿಗೆ ಇಳಿಯಿತು, 2011ಕ್ಕೆ 12,900ಕ್ಕೆ. ಪರ್ಸೀನ್, ಅಂದರೆ ಮೀನಿನ ಹಿಂಡಿನ ಸುತ್ತ ಬಲೆ ಬೀಸಿ ಹಿಡಿಯುವ ಹಡಗುಗಳಿಗೆ ವರ್ಷಕ್ಕೆ ಹೆಚ್ಚುಕಡಿಮೆ ಒಂದೇ ತಿಂಗಳ ಸೀಸನ್. ಪ್ರತಿ ಹಡಗಿನ ಮೇಲೂ ಹೊರಗಿನ ಒಬ್ಬ ವೀಕ್ಷಕ. ವಿಮಾನದಿಂದ ಮೀನಿನ ಹಿಂಡು ಹುಡುಕುವುದು ಬಂದ್. ಬಲೆಯಿಂದ ಪಂಜರಕ್ಕೆ ಮೀನು ದಾಟಿಸುವಾಗ ನೀರಿನೊಳಗೆ ವಿಡಿಯೋ ತೆಗೆಯಬೇಕು, ಆ ವಿಡಿಯೋ ನೋಡಿ ಒಂದೊಂದಾಗಿ ಎಣಿಸಬೇಕು. ಹಿಡಿದ ಮೀನಿನ ಜೊತೆ ಕಾಗದ ಹೋಗಬೇಕು, ಕಾಗದ ಇಲ್ಲದ ಮೀನನ್ನು ಜಪಾನ್ ಸೇರಿದಂತೆ ಯಾವ ಸದಸ್ಯ ದೇಶವೂ ಒಳಗೆ ಬಿಡಬಾರದು.

ಫಲ ಬಂತು. ಮೀನು ವಾಪಸ್ ಬಂತು. 2021ರಲ್ಲಿ ಅಳಿವಿನ ಅಪಾಯದ ಕೆಂಪು ಪಟ್ಟಿಯಲ್ಲಿ ಅಟ್ಲಾಂಟಿಕ್ ಬ್ಲೂಫಿನ್ ಹೆಸರು ಅಪಾಯದ ವರ್ಗದಿಂದ ಆತಂಕ ಇಲ್ಲದ ವರ್ಗಕ್ಕೆ ಇಳಿಯಿತು. 2023ರಿಂದ 2025ರವರೆಗೆ ಪೂರ್ವ ಅಟ್ಲಾಂಟಿಕ್ ಮತ್ತು ಮೆಡಿಟರೇನಿಯನ್‌ಗೆ ಕೊಟ್ಟ ಮಿತಿ ವರ್ಷಕ್ಕೆ 40,570 ಟನ್. ಹಿಂದೆ ಕದ್ದು ಹಿಡಿಯುತ್ತಿದ್ದವರ ಜಾಗದಲ್ಲಿ ಈಗ ಲೆಕ್ಕ ಕೊಟ್ಟು ಹಿಡಿಯುವವರಿದ್ದಾರೆ. ನನಗೆ ಇದು ದೊಡ್ಡ ಸಮಾಧಾನ. ಸಮುದ್ರದ ವಿಷಯದಲ್ಲಿ ಎಲ್ಲವೂ ಹಾಳಾಯಿತು ಅನ್ನುವ ಮಾತೇ ಕೇಳುತ್ತೇವಲ್ಲ, ಅದು ಪೂರ್ತಿ ನಿಜವಲ್ಲ.

ಇನ್ನೊಂದು ಕಥೆ ಪೆಸಿಫಿಕ್‌ನದು. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಇದು ಬಡವರ ಕಥೆ. ಕಿರಿಬಾಸ್ ಅಂತ ಒಂದು ದೇಶ. ಜನ ಒಂದೂವರೆ ಲಕ್ಷವೂ ಇಲ್ಲ, ಇಲ್ಲಿಯ ಒಂದು ವಾರ್ಡಿನಷ್ಟು. ಆದರೆ ಅದರ ಸಮುದ್ರ ಭಾರತದ ನೆಲಕ್ಕಿಂತ ದೊಡ್ಡದು, ಸುಮಾರು 35 ಲಕ್ಷ ಚದರ ಕಿಲೋಮೀಟರ್. ತುವಾಲು, ನೌರು, ಮಾರ್ಷಲ್ ದ್ವೀಪಗಳು, ಪಲಾವ್, ಮೈಕ್ರೊನೇಷ್ಯಾ, ಸಾಲೊಮನ್ ದ್ವೀಪಗಳು, ಪಪುವಾ ನ್ಯೂಗಿನಿ ಕೂಡ ಅಲ್ಲೇ ಅಕ್ಕಪಕ್ಕ. ಜಗತ್ತಿನ ಅರ್ಧಕ್ಕೂ ಹೆಚ್ಚು ಟೂನಾ ಸಿಗುವುದು ಪಶ್ಚಿಮ ಮತ್ತು ಮಧ್ಯ ಪೆಸಿಫಿಕ್‌ನಲ್ಲಿ. ಅದರ ನಡುಮಧ್ಯೆ ಇವರು. ಮೀನು ಇವರದು, ಹಡಗು ಬೇರೆಯವರದು. ದೂರದ ದೇಶಗಳ ಕಂಪನಿಗಳು ಬಂದು ಒಬ್ಬೊಬ್ಬರ ಹತ್ತಿರ ಬೇರೆ ಬೇರೆ ಕೂತು ಚೌಕಾಸಿ ಮಾಡುತ್ತಿದ್ದವು. ನೀನು ಕಡಿಮೆಗೆ ಕೊಡದಿದ್ದರೆ ಪಕ್ಕದ ದ್ವೀಪಕ್ಕೆ ಹೋಗುತ್ತೇನೆ ಅನ್ನುವ ಮಾತು.

1982ರಲ್ಲಿ ನೌರು ಒಪ್ಪಂದ ಮಾಡಿಕೊಂಡು ಇವರು ಒಂದಾದರು. 2007ರ ಕೊನೆಗೆ ದಿನದ ಲೆಕ್ಕ ಶುರು ಮಾಡಿದರು. ನಮ್ಮ ಎಂಟು ದೇಶಗಳ ನೀರಿನಲ್ಲಿ ಎಲ್ಲ ಪರ್ಸೀನ್ ಹಡಗುಗಳೂ ಸೇರಿ ವರ್ಷಕ್ಕೆ ಇಷ್ಟೇ ದಿನ ಮೀನು ಹಿಡಿಯಬಹುದು. ಆ ದಿನಗಳನ್ನು ನಾವು ನಮ್ಮೊಳಗೆ ಹಂಚಿಕೊಳ್ಳುತ್ತೇವೆ. ಯಾರಿಗೆ ಬೇಕೋ ಅವರು ದುಡ್ಡು ಕೊಟ್ಟು ದಿನ ಕೊಳ್ಳಬೇಕು. ಒಂದು ದಿನಕ್ಕೆ ಕನಿಷ್ಠ ಬೆಲೆ ಎಲ್ಲರಿಗೂ ಒಂದೇ, ಈಚಿನ ವರ್ಷಗಳಲ್ಲಿ ಅದು 8,000 ಡಾಲರ್. ಹಡಗಿನ ಮೇಲೆ ವೀಕ್ಷಕ ಇರಲೇಬೇಕು. ಸುತ್ತ ಇರುವ, ಯಾವ ದೇಶಕ್ಕೂ ಸೇರದ ತುಂಡು ಸಮುದ್ರದಲ್ಲಿ ನೀವು ಬಲೆ ಹಾಕಿದರೆ ನಮ್ಮಲ್ಲಿ ಲೈಸೆನ್ಸ್ ಇಲ್ಲ ಅಂತ ಷರತ್ತನ್ನೂ ಹಾಕಿದರು. 2010ರ ಹೊತ್ತಿಗೆ ಎಂಟೂ ದೇಶ ಸೇರಿ ವರ್ಷಕ್ಕೆ ಸುಮಾರು 6 ಕೋಟಿ ಡಾಲರ್ ಬರುತ್ತಿತ್ತು. ಕೆಲವೇ ವರ್ಷಗಳಲ್ಲಿ ಅದು 50 ಕೋಟಿಯ ಹತ್ತಿರ ಹೋಯಿತು. ಶಾಲೆ, ಆಸ್ಪತ್ರೆ ನಡೆಯುವುದು ಈ ದುಡ್ಡಿನಲ್ಲೇ. ಮೀನೂ ಉಳಿಯಿತು. ಅಲ್ಲಿಯ ನಾಲ್ಕು ಮುಖ್ಯ ಟೂನಾಗಳೂ ಇವತ್ತು ಒಳ್ಳೆ ಸ್ಥಿತಿಯಲ್ಲಿವೆ.

ಎರಡು ಕಡೆಯೂ ಏನಾಯಿತು ನೋಡಿ. ಒಟ್ಟು ಎಷ್ಟು ಅಂತ ಮೊದಲು ತೀರ್ಮಾನ ಆಯಿತು. ಆಮೇಲೆ ಯಾರಿಗೆ ಎಷ್ಟು ಅಂತ ಆಯಿತು. ಮೂರನೆಯದಾಗಿ ಎಣಿಸುವವರು ಹಡಗಿನ ಮೇಲೇ ಇದ್ದರು. ನಮ್ಮ ಹಿಂದೂ ಮಹಾಸಾಗರದಲ್ಲಿ ನಾವು ಸಿಕ್ಕಿಹಾಕಿಕೊಂಡಿರುವುದು ಎರಡನೆಯದರಲ್ಲಿ ಮತ್ತು ಮೂರನೆಯದರಲ್ಲಿ.

ಸ್ಕಿಪ್‌ಜಾಕ್‌ಗೆ 2016ರಲ್ಲಿ ಒಂದು ನಿಯಮ ಬಂತು. ಮೀನಿನ ಸ್ಥಿತಿ ನೋಡಿ ಲೆಕ್ಕ ಹಾಕಿ ಮಿತಿ ಹೇಳುವ ಸೂತ್ರ, ಮಾಲ್ಡೀವ್ಸ್ ಹಟ ಹಿಡಿದು ತಂದದ್ದು. ಅದರ ಪ್ರಕಾರ 2018ರಿಂದ 2020ರವರೆಗೆ ವರ್ಷಕ್ಕೆ 4,70,029 ಟನ್. ಆದರೆ ಅದರಲ್ಲಿ ಯಾವ ದೇಶಕ್ಕೆ ಎಷ್ಟು ಅಂತ ಬರೆಯಲೇ ಇಲ್ಲ. 2018ರಲ್ಲೇ 6 ಲಕ್ಷ ಟನ್ ದಾಟಿತು. ತಪ್ಪು ಯಾರದು? ಪಾಲೇ ಇಲ್ಲದ ಮೇಲೆ ಯಾರನ್ನೂ ಹಿಡಿದು ಕೇಳುವಂತಿಲ್ಲ.

ಯೆಲ್ಲೋಫಿನ್‌ದು ಇನ್ನೊಂದು ಬಗೆ. ಇದನ್ನು ಅತಿಯಾಗಿ ಹಿಡಿದಾಗಿದೆ ಅಂತ 2015ರಲ್ಲಿ ವಿಜ್ಞಾನಿಗಳು ಹೇಳಿದರು. ಮರುವರ್ಷ ಕಡಿತದ ಯೋಜನೆ ಬಂತು. ಕೆಲವರು ಇಳಿಸಿದರು, ಕೆಲವರು ಏರಿಸಿದರು. ನಮ್ಮ ಆಯೋಗದಲ್ಲಿ ಒಂದು ನಿರ್ಣಯ ಆದ ಮೇಲೆ 120 ದಿನದೊಳಗೆ ಆಕ್ಷೇಪ ಬರೆದುಕೊಟ್ಟರೆ ಆ ದೇಶಕ್ಕೆ ಆ ನಿರ್ಣಯ ಅನ್ವಯಿಸುವುದಿಲ್ಲ. 2021ರ ಯೆಲ್ಲೋಫಿನ್ ನಿರ್ಣಯಕ್ಕೆ ಇಂಡೋನೇಷ್ಯಾ, ಇರಾನ್, ಒಮಾನ್ ಜೊತೆ ಭಾರತವೂ ಆಕ್ಷೇಪ ಕೊಟ್ಟಿತು. ಸಣ್ಣ ಮೀನುಗಾರರ ಮೇಲೆ ಹೊರೆ ಬೀಳುತ್ತದೆ ಅನ್ನುವುದು ನಮ್ಮಂಥ ದೇಶಗಳ ವಾದ. ವಾದದಲ್ಲಿ ಹುರುಳಿದೆ. ಈ ಸಾಗರದ ಟೂನಾದಲ್ಲಿ ಅರ್ಧದಷ್ಟನ್ನು ಹಿಡಿಯುವವರು ಸಣ್ಣ ದೋಣಿಯವರು, ಬೇರೆ ಯಾವ ಸಾಗರದಲ್ಲೂ ಹೀಗಿಲ್ಲ. 2024ರ ಹೊಸ ಲೆಕ್ಕದಲ್ಲಿ ಯೆಲ್ಲೋಫಿನ್ ಅಪಾಯದಿಂದ ಹೊರಗಿದೆ ಅಂತ ಬಂದಿದೆ. ಖುಷಿಯ ಸುದ್ದಿ. ಆದರೆ ಲೆಕ್ಕ ಹಾಕುವ ರೀತಿ, ಅದಕ್ಕೆ ಬಳಸಿದ ಮಾಹಿತಿ ಎರಡೂ ಬದಲಾಗಿದ್ದವು. ಹಾಗಾಗಿ ಆ ಸಂಖ್ಯೆ ನೋಡಿ ಬಲೆ ಉದ್ದ ಮಾಡಿಕೊಳ್ಳುವ ಕಾಲ ಇದಲ್ಲ.

ಈಗ ತೇಲುವ ತೆಪ್ಪದ ವಿಷಯ. ಇಂಗ್ಲಿಷಿನ ಮೊದಲ ಅಕ್ಷರ ಸೇರಿಸಿ ಫ್ಯಾಡ್ ಅನ್ನುತ್ತಾರೆ. ಬಿದಿರಿನದೋ ಪೈಪಿನದೋ ಒಂದು ಸಣ್ಣ ತೆಪ್ಪ. ಕೆಳಗೆ ಹಳೆ ಬಲೆಯೋ ಹಗ್ಗವೋ ಐವತ್ತು ಅರವತ್ತು ಮೀಟರ್ ಜೋತುಬಿದ್ದಿರುತ್ತದೆ. ಪಕ್ಕಕ್ಕೆ ಒಂದು ತೇಲುವ ಬುರುಡೆ, ಅದರ ಮೇಲೆ ಸೋಲಾರ್ ಫಲಕ, ಒಳಗೆ ಶಬ್ದದ ಅಲೆಯಿಂದ ಮೀನು ಪತ್ತೆ ಮಾಡುವ ಎಕೋಸೌಂಡರ್. ಸಮುದ್ರದಲ್ಲಿ ಏನಾದರೂ ತೇಲುತ್ತಿದ್ದರೆ ಅದರ ನೆರಳಿಗೆ ಮೀನು ಸೇರುತ್ತದೆ, ನಿಮಗೆ ಗೊತ್ತಿರುವುದೇ. ಕೆಳಗೆ ಎಷ್ಟು ಮೀನು ಸೇರಿದೆ ಅಂತ ಆ ಬುರುಡೆ ಸ್ಯಾಟಲೈಟ್ ಮೂಲಕ ಹಡಗಿನ ಕ್ಯಾಪ್ಟನ್‌ಗೆ ಸುದ್ದಿ ಕಳಿಸುತ್ತದೆ. ಅವನು ಹುಡುಕುವ ಕೆಲಸವೇ ಇಲ್ಲ, ನೇರ ಬಂದು ಸುತ್ತ ಬಲೆ ಬೀಸುತ್ತಾನೆ. ಸ್ಕಿಪ್‌ಜಾಕ್ ಜೊತೆ ಯೆಲ್ಲೋಫಿನ್, ಬಿಗ್‌ಐ ಮರಿಗಳೂ ಬರುತ್ತವೆ. ಒಂದು ಸಲವೂ ಮೊಟ್ಟೆ ಇಡದ ಮರಿಗಳು. ಜೋತುಬಿದ್ದ ಬಲೆಗೆ ತಾಟೆ ಮೀನು, ಅಂದರೆ ಶಾರ್ಕ್, ಕಡಲಾಮೆ ಸಿಕ್ಕಿ ಸಾಯುತ್ತವೆ. ತೆಪ್ಪ ದಿಕ್ಕು ತಪ್ಪಿದರೆ ಎಲ್ಲೋ ಬಡ ದ್ವೀಪದ ಹವಳದ ದಿಬ್ಬಕ್ಕೆ ಹೋಗಿ ಸಿಕ್ಕಿಕೊಳ್ಳುತ್ತದೆ.

ಈ ತೆಪ್ಪಗಳಿಗೆ ವರ್ಷಕ್ಕೆ 72 ದಿನ ರಜೆ ಇರಲಿ ಅಂತ 2023ರ ಫೆಬ್ರವರಿಯಲ್ಲಿ ಮೊಂಬಾಸಾ ಸಭೆಯಲ್ಲಿ ನಿರ್ಣಯ ಆಯಿತು. ಇಂಡೋನೇಷ್ಯಾ ಮುಂದೆ ನಿಂತಿತ್ತು, ಭಾರತ ಜೊತೆಗಿತ್ತು. ಮೂರನೇ ಎರಡರಷ್ಟು ಮತವೂ ಬಿತ್ತು. ಆಮೇಲೆ ಯುರೋಪಿಯನ್ ಒಕ್ಕೂಟ ಆಕ್ಷೇಪ ಕೊಟ್ಟಿತು, ಹಿಂದೆಯೇ ಇನ್ನೂ ಹಲವರು. ಆಕ್ಷೇಪಿಸುವವರು ಮೂರನೇ ಒಂದು ಭಾಗ ದಾಟಿದರೆ ಉಳಿದವರೂ ನಿರ್ಣಯಕ್ಕೆ ಬದ್ಧರಲ್ಲ. ನಿರ್ಣಯ ಬಿದ್ದುಹೋಯಿತು. ಮರುವರ್ಷ ಬ್ಯಾಂಕಾಕ್‌ನಲ್ಲಿ ಹಡಗಿಗೆ ಇಷ್ಟೇ ತೆಪ್ಪ ಅನ್ನುವ ಸಂಖ್ಯೆಯನ್ನು ಹಂತಹಂತವಾಗಿ ಇಳಿಸಲು, ತೆಪ್ಪಗಳ ನೋಂದಣಿ ಇಡಲು ಒಪ್ಪಿದರು. ಕೇಳಿದ್ದಕ್ಕಿಂತ ಕಡಿಮೆ, ಆದರೂ ಬೇಕಾಗಿದ್ದ ಹೆಜ್ಜೆ.

ಎರಡೂ ಘಟನೆ ಒಟ್ಟಿಗೆ ಇಟ್ಟು ನೋಡಿ. 2021ರಲ್ಲಿ ಆಕ್ಷೇಪ ಕೊಟ್ಟವರಲ್ಲಿ ನಾವಿದ್ದೆವು. 2023ರಲ್ಲಿ ನಮಗೆ ಬೇಕಾದದ್ದನ್ನು ಅದೇ ಆಕ್ಷೇಪದ ದಾರಿಯಲ್ಲಿ ಬೇರೆಯವರು ಬೀಳಿಸಿದರು. ಬಾಗಿಲು ಎಲ್ಲರಿಗೂ ತೆರೆದಿದ್ದರೆ ಎಲ್ಲರೂ ಅದರಿಂದ ಹೊರಗೆ ಹೋಗುತ್ತಾರೆ. ಈ 120 ದಿನದ ಬಾಗಿಲನ್ನು ಚಿಕ್ಕದು ಮಾಡಲೇಬೇಕು. ಕೊನೇಪಕ್ಷ ಆಕ್ಷೇಪಿಸುವ ದೇಶ ಅದರ ಬದಲಿಗೆ ತಾನು ಏನು ಮಾಡುತ್ತೇನೆ ಅಂತ ಬರೆದುಕೊಡುವ ಹಾಗಾಗಬೇಕು ಅನ್ನುವುದು ನನ್ನ ಅಭಿಪ್ರಾಯ.

ಪಾಲಿನ ಮಾತುಕತೆಯೂ ನಡೆದೇ ಇದೆ, ಹತ್ತು ವರ್ಷಕ್ಕೂ ಮೇಲಾಯಿತು. ಜಗಳದ ಬೇರು ಒಂದೇ. ದೂರದ ದೇಶಗಳು ನಾವು ಇಷ್ಟು ವರ್ಷದಿಂದ ಹಿಡಿಯುತ್ತಿದ್ದೇವೆ, ಹಳೆ ಲೆಕ್ಕದ ಮೇಲೆ ಪಾಲು ಕೊಡಿ ಅನ್ನುತ್ತವೆ. ಕರಾವಳಿ ದೇಶಗಳು, ನೀವು ಹಿಡಿದದ್ದು ನಮ್ಮ 200 ಮೈಲಿನೊಳಗೆ, ಹಾಗಾದರೆ ಆ ಲೆಕ್ಕ ನಮ್ಮ ಹೆಸರಿಗೆ ಬರಬೇಕು ಅನ್ನುತ್ತವೆ. ನನಗೆ ಎರಡನೆಯದೇ ನ್ಯಾಯ ಅನ್ನಿಸುತ್ತದೆ. ಮೊದಲು ದೊಡ್ಡ ಹಡಗು ಕಟ್ಟಲು ದುಡ್ಡಿದ್ದವನಿಗೆ ಇಡೀ ಸಾಗರ ಬರೆದುಕೊಡಲು ಆಗುವುದಿಲ್ಲ. ನಮ್ಮೂರಲ್ಲಿ ಪರ್ಸೀನ್ ಬಂದ ಮೇಲೆ ರಂಪಣಿಯವರಿಗೆ ಏನಾಯಿತು ಅಂತ ಇಲ್ಲಿರುವ ಹಿರಿಯರಿಗೆ ನಾನು ಹೇಳಬೇಕಾ? 1970ರ ದಶಕದ ಕೊನೆಯಲ್ಲಿ ಒಂದೆರಡು ಸೀಸನ್ನಿನಲ್ಲೇ ಬಂಗುಡೆ, ಬೂತಾಯಿ ಎಲ್ಲ ದಡಕ್ಕೆ ಬರುವ ಮೊದಲೇ ಹೊರಗೆ ಬಲೆಗೆ ಹೋಯಿತು. ನೂರಾರು ಜನ ಸೇರಿ ಎಳೆಯುತ್ತಿದ್ದ ಬಲೆ ಮೂಲೆ ಸೇರಿತು. ಆವತ್ತು ಪಾಲಿನ ಮಾತು ಯಾರೂ ಮೊದಲೇ ಆಡಿರಲಿಲ್ಲ.

ಆದರೆ ನ್ಯಾಯ ಕೇಳಬೇಕಾದರೆ ಕೈಯಲ್ಲಿ ಲೆಕ್ಕ ಇರಬೇಕು. ಇಲ್ಲಿ ನಮ್ಮ ಮನೆ ಕೆಲಸ ಬಾಕಿ ಇದೆ.

ಇಲ್ಲಿಯ ಮೀನಿನ ಬಂದರು ಸಸೂನ್ ಡಾಕ್‌ಗೆ ಬೆಳಗಿನ ಜಾವ ಹೋಗಿ ನೋಡಿ. ಕ್ರೇಟಿನಲ್ಲಿ ಕುಪ್ಪಾ ಬಂದಿರುತ್ತದೆ. ಒಂದನ್ನು ಕೈಗೆ ತೆಗೆದುಕೊಳ್ಳಿ. ಬೆನ್ನ ಮೇಲೆ ಅಂಕುಡೊಂಕು ಗೆರೆ, ಎದೆ ರೆಕ್ಕೆಯ ಕೆಳಗೆ ಕೆಲವು ಕಪ್ಪು ಚುಕ್ಕೆ ಇದ್ದರೆ ಅದು ಒಂದು ಜಾತಿ. ಹೊಟ್ಟೆಯ ಮೇಲೆ ಉದ್ದುದ್ದ ಪಟ್ಟೆ ಇದ್ದರೆ ಸ್ಕಿಪ್‌ಜಾಕ್. ಮೈ ತೆಳ್ಳಗಿದ್ದು ಬಾಲದ ಕಡೆ ಉದ್ದ ಎಳೆದ ಹಾಗಿದ್ದರೆ ಉದ್ದ ಬಾಲದ ಟೂನಾ. ಗೊತ್ತಿದ್ದವರಿಗೆ ಅರೆ ಕ್ಷಣ ಸಾಕು. ಆದರೆ ಏಲಂ ಚೀಟಿಯಲ್ಲಿ ಬೀಳುವುದು ಕುಪ್ಪಾ, ಇಷ್ಟು ಕಿಲೋ, ಇಷ್ಟು ರೇಟು. ಯಾವ ಜಾತಿ, ಎಷ್ಟು ಉದ್ದ, ಎಲ್ಲಿ ಹಿಡಿದದ್ದು ಒಂದೂ ಇರುವುದಿಲ್ಲ. ಬಂದರುಗಳಲ್ಲಿ ಮಾದರಿ ನೋಡಿ ಅಂದಾಜು ಮಾಡುವ ಕೆಲಸವನ್ನು ಕೊಚ್ಚಿಯ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ದಶಕಗಳಿಂದ ಶ್ರದ್ಧೆಯಿಂದ ಮಾಡುತ್ತಿದೆ. ಫಿಶರಿ ಸರ್ವೇ ಆಫ್ ಇಂಡಿಯಾದ ಕೇಂದ್ರ ಕಚೇರಿ ಇದೇ ಊರಲ್ಲಿದೆ. ಅವರ ಕೆಲಸಕ್ಕೆ ಬೋಟಿನವರ ಲಾಗ್‌ಬುಕ್, ಅಂದರೆ ಹಿಡಿದದ್ದನ್ನು ಬರೆದಿಡುವ ಪುಸ್ತಕ, ಸೇರಿದರೆ ಎಷ್ಟು ಬಲ ಬರುತ್ತದೆ ಯೋಚಿಸಿ.

ಇದು ದೂರದ ಮೀನಿನ ಮಾತಲ್ಲ. ಹಿಂದೂ ಮಹಾಸಾಗರ ಆಯೋಗದ ಪಟ್ಟಿಯಲ್ಲಿ 16 ಮೀನುಗಳಿವೆ. ಅದರಲ್ಲಿ ನಮ್ಮ ಕೇದರ ಇದೆ. ನಿಮ್ಮ ಅಂಜಲ್ ಕೂಡ ಇದೆ! ಇಲ್ಲಿ ಸುರಮಯಿ ಅಂತ ಕೊಳ್ಳುತ್ತೀರಲ್ಲ, ಅದೇ. ಅಂಜಲ್ ಮತ್ತು ಉದ್ದ ಬಾಲದ ಟೂನಾ, ಈ ಎರಡನ್ನೂ ಮಿತಿ ಮೀರಿ ಹಿಡಿಯಲಾಗುತ್ತಿದೆ ಅಂತ ಆಯೋಗದ ವಿಜ್ಞಾನಿಗಳು ಎಚ್ಚರಿಸುತ್ತಲೇ ಬಂದಿದ್ದಾರೆ. ಹಿಡಿಯುವವರು ನಾವು, ಪಾಕಿಸ್ತಾನ, ಇರಾನ್, ಒಮಾನ್, ಇಂಡೋನೇಷ್ಯಾ. ಇಲ್ಲಿ ಬೈಯಲು ದೂರದ ಸ್ಪ್ಯಾನಿಷ್ ಹಡಗು ಇಲ್ಲ. ಎಲ್ಲರೂ ಕರಾವಳಿಯವರೇ, ಹೆಚ್ಚಾಗಿ ಗಿಲ್‌ನೆಟ್ಟಿನವರೇ, ಅಂದರೆ ನೀರಿನಲ್ಲಿ ಗೋಡೆಯ ಹಾಗೆ ಬಲೆ ಇಳಿಬಿಡುವವರೇ.

ಮಾಡಿ ತೋರಿಸಿದವರು ಹತ್ತಿರದಲ್ಲೇ ಇದ್ದಾರೆ. ಮಾಲ್ಡೀವ್ಸ್‌ನಲ್ಲಿ ಟೂನಾ ಹಿಡಿಯುವುದು ಗಾಳ ಹಾಕಿ, ಒಂದೊಂದಾಗಿ. ಜೀವಂತ ಸಣ್ಣ ಮೀನನ್ನು ನೀರಿಗೆ ಎರಚಿ, ಮೇಲೆ ಬಂದ ಸ್ಕಿಪ್‌ಜಾಕ್ ಅನ್ನು ಕೋಲಿನ ಗಾಳದಿಂದ ಹಿಂದಕ್ಕೆ ದೋಣಿಯೊಳಗೆ ಎಸೆಯುತ್ತಾರೆ. ಆಮೆ ಸಾಯುವುದಿಲ್ಲ, ತಾಟೆ ಸಾಯುವುದಿಲ್ಲ. 2012ರಲ್ಲೇ ಅವರ ಸ್ಕಿಪ್‌ಜಾಕ್‌ಗೆ ಅಂತರರಾಷ್ಟ್ರೀಯ ಸುಸ್ಥಿರತೆಯ ಪ್ರಮಾಣಪತ್ರ ಸಿಕ್ಕಿತು. ನಮ್ಮ ಲಕ್ಷದ್ವೀಪದಲ್ಲೂ, ವಿಶೇಷವಾಗಿ ಮಿನಿಕಾಯ್‌ನಲ್ಲಿ, ತಲೆಮಾರುಗಳಿಂದ ಇದೇ ಪದ್ಧತಿ. ಅದನ್ನೇ ಬೇಯಿಸಿ, ಹೊಗೆ ಹಾಕಿ, ಒಣಗಿಸಿ ಮಾಸ್ ಮಾಡುತ್ತಾರೆ. ಪಾಲಿನ ಸಭೆಯಲ್ಲಿ ಭಾರತ ಮೊದಲು ತೋರಿಸಬೇಕಾದ್ದು ಲಕ್ಷದ್ವೀಪದ ಈ ದೋಣಿಗಳನ್ನು.

2025ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ 200 ಮೈಲಿನ ವಲಯಕ್ಕೆ ಹೊಸ ನಿಯಮ ತಂದಿದೆ. ಆಳಕ್ಕೆ ಹೋಗುವ ಯಾಂತ್ರೀಕೃತ ಮತ್ತು ದೊಡ್ಡ ಬೋಟುಗಳಿಗೆ ಆನ್‌ಲೈನ್ ಪಾಸ್ ಬೇಕು, ಎಲ್‌ಇಡಿ ಬೆಳಕಿನ ಮೀನುಗಾರಿಕೆ, ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವ ಜೋಡಿ ಟ್ರಾಲಿಂಗ್, ಬುಲ್ ಟ್ರಾಲಿಂಗ್ ಇಲ್ಲ, ಸಹಕಾರ ಸಂಘಗಳಿಗೆ ಆದ್ಯತೆ. ಇನ್ನು ಮುಂದೆ ಮಲ್ಪೆಯಿಂದ, ಇಲ್ಲಿಯ ವರ್ಸೋವಾದಿಂದ ಟೂನಾಕ್ಕೆ ಲಾಂಗ್‌ಲೈನ್, ಅಂದರೆ ಸಾಲು ಗಾಳ ಕಟ್ಟಿದ ಉದ್ದನೆ ಹಗ್ಗ, ಹಾಕಲು ಬೋಟುಗಳು ಹೋಗಬಹುದು. ಹೋಗಲಿ, ಆ ಮೀನಿನಲ್ಲಿ ನಮಗೂ ಹಕ್ಕಿದೆ. ನಿಮ್ಮಲ್ಲಿ ಬೋಟು ಇರುವವರು, ಸಂಘದ ಪದಾಧಿಕಾರಿಗಳು ಹಲವರಿದ್ದೀರಿ. ನಿಮ್ಮ ಹತ್ತಿರ ಒಂದು ಕೋರಿಕೆ. ಸಬ್ಸಿಡಿ ಅರ್ಜಿಗೆ ಸಹಿ ಹಾಕುವ ದಿನವೇ ಬೋಟು ನಡೆಸುವ ತಂಡೇಲನ ಕೈಗೆ ಒಂದು ಲಾಗ್‌ಬುಕ್ಕೂ ಕೊಡಿ. ಯಾವ ಜಾತಿ, ಎಷ್ಟು, ಎಲ್ಲಿ, ಯಾವ ಬಲೆ ಅಥವಾ ಗಾಳ, ಜೊತೆಗೆ ಆಮೆಯೋ ತಾಟೆಯೋ ಬಂತಾ. ಅದನ್ನು ತುಂಬಿ ಬಂದರಿನಲ್ಲಿ ಮೀನುಗಾರಿಕೆ ಇಲಾಖೆಗೆ ಕೊಡಲಿ, ಒಂದು ಪ್ರತಿ ಸಂಘದಲ್ಲಿ ಇರಲಿ. ಮುಂದಿನ ಸಲ ಪಾಲಿನ ಮೇಜಿಗೆ ನಮ್ಮ ಪ್ರತಿನಿಧಿ ಹೋಗುವಾಗ ಆ ಪುಸ್ತಕಗಳ ಲೆಕ್ಕ ಅವರ ಕೈಯಲ್ಲಿ ಇರಬೇಕು.